ಶುಕ್ರವಾರ ಮೂಡಿದ ಮಂಗಳವಾರದ ಸೂರ್ಯ

ಲೋಕೇಶನ ತಾಪತ್ರಯಕ್ಕೆಲ್ಲ ಸೂರ್ಯನೇ ಕಾರಣ ಅಂದರೆ ಸೂರ್ಯನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆತ ತನ್ನ ಪಾಡಿಗೆ ತಾನು ದಿನಾ ಮೂಡಣ ದಿಕ್ಕಿಗೆ ಮೂಡುತ್ತ ಬಂದವನು, ಯಾರ ತಂಟೆಗೂ ಹೋದವನಲ್ಲ. ಕಾರಣ ಬೇರೆ. ಫೋನಿನಲ್ಲಿ ಸ್ಟೇಟಸ್ ಹಾಕಿದರೆ ಅದನ್ನು ಯಾರು ಯಾರು ನೋಡಿದರು ಅಂತ ಕೆಳಗೊಂದು ಪಟ್ಟಿ ಬರುತ್ತದಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ.

ಲೋಕೇಶ ಇರುವುದು ಹಳಿಯಾಳದಲ್ಲಿ, ಕೆಲಸ ತೇರಗಾಂವದ ಹಾಲಿನ ಡೇರಿಯಲ್ಲಿ. ಮುಂಜಾನೆ ಏಳೂಕಾಲಿಗೆ ಬಾಗಿಲು ತೆಗೆದು, ಊರವರು ತಂದ ಹಾಲಿನ ಫ್ಯಾಟು ನೋಡಿ, ಡಿಗ್ರಿ ನೋಡಿ, ಕ್ಯಾನು ತುಂಬಿಸಿ, ಎಂಟೂವರೆಗೆ ಬರುವ ಗಾಡಿಗೆ ಏರಿಸುವುದು ಅವನ ಉದ್ಯೋಗ. ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡಿಯೇ ಹಿಡಿಯುತ್ತಾನೆ ಎಂಬ ಹೆಸರು ಅವನಿಗಿದೆ. ಹಿಡಿದ ಮೇಲೆ ಅವರು ಎರಡು ಮಾತು ಜೋರು ಮಾಡಿದರೆ ಸುಮ್ಮನಾಗುತ್ತಾನೆ ಎಂಬ ಹೆಸರೂ ಇದೆ. 'ಆಗೂದಿಲ್ಲ' ಅನ್ನುವ ಮಾತು ಅವನ ಹೊಟ್ಟೆಯಿಂದ ಹೊರಟು ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಕೆಲಸ ಮಾಡಿಸಿಕೊಂಡು ಮನೆ ಸೇರಿರುತ್ತಾರೆ.

ಫೋಟೋದ ಹುಚ್ಚು ಹತ್ತಿದ್ದು ಡಿಸೆಂಬರಿನಲ್ಲಿ. ಒಂದು ದಿನ ದಾರಿಯಲ್ಲಿ ಸ್ಕೂಟರು ನಿಂತುಬಿಟ್ಟಿತು. ಒದ್ದು ಒದ್ದು ಸಾಕಾಗಿ ಹೊಲದ ಬದುವಿನ ಮೇಲೆ ಕೂತ. ಕಬ್ಬಿನ ಆಚೆ, ಸಾಗವಾನಿ ಮರಗಳ ಹಿಂದಿನಿಂದ ಸೂರ್ಯ ಎದ್ದ. ಕಬ್ಬಿನ ಗರಿಗಳ ಮೇಲಿನ ಇಬ್ಬನಿಯೆಲ್ಲ ಒಮ್ಮೆಲೇ ಹೊತ್ತಿಕೊಂಡ ಹಾಗಾಯಿತು. ಮೂವತ್ಮೂರು ವರ್ಷ ಬದುಕಿ, ಹತ್ತು ವರ್ಷ ಇದೇ ದಾರಿ ಸವೆಸಿ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲವಲ್ಲ ಅಂತ ಲೋಕೇಶನಿಗೆ ನಾಚಿಕೆಯಾಯಿತು. ಫೋನು ತೆಗೆದು ಒಂದು ಫೋಟೋ ಹೊಡೆದ. ಮರುದಿನ ಸ್ಕೂಟರು ಸರಿಯಾಗಿದ್ದರೂ ಅಲ್ಲೇ ನಿಂತ. ಆಮೇಲೆ ದಿನಾ. ಬೆರಳು ಮರಗಟ್ಟುವ ಚಳಿಯಲ್ಲಿ ಸೂರ್ಯನಿಗಾಗಿ ಕಾಯುವ ಆ ಹತ್ತು ನಿಮಿಷ, ಇಡೀ ದಿನದಲ್ಲಿ ಯಾರೂ ಅವನನ್ನು ಏನೂ ಕೇಳದ ಹತ್ತು ನಿಮಿಷ. ಅವನು ನಿಜವಾಗಿ ಸುಖವಾಗಿದ್ದ.

ಆ ಸುಖದ ನಡುವೆ ಜನವರಿಯಲ್ಲಿ ಕನ್ಯಾ ನೋಡಲು ಮುಂಡಗೋಡದ ಕಡೆ ಹೋಗಿಬಂದ. ಅವನ ಸೋದರತ್ತೆ ಮಹಾದೇವಕ್ಕ ಹುಡುಕಿದ ಸಂಬಂಧ. ಪಾಳಾದ ಶರಣಬಸಪ್ಪನವರ ಮಗಳು ಸುಮಿತಾ. ಹುಡುಗಿ ಅವಲಕ್ಕಿ ತಂದಿಟ್ಟು ನೆಲ ನೋಡುತ್ತ ಕೂತಳು, ಲೋಕೇಶ ಅವಲಕ್ಕಿ ನೋಡುತ್ತ ಕೂತ. ಒಂದು ಮಾತೂ ಆಗಲಿಲ್ಲ. ಹೊರಡುವಾಗ ಶರಣಬಸಪ್ಪ, "ಹೇಳಿ ಕಳಸ್ತೇವ್ರಿ" ಅಂದರು. ಲೋಕೇಶ ಹಿಂದೆ ಆರು ಮನೆಯಲ್ಲಿ ಇದೇ ಮಾತು ಕೇಳಿಸಿಕೊಂಡು ಬಂದವನು. ಆ ಆರು ಮನೆಯವರಲ್ಲಿ ಯಾರೂ ಇನ್ನೂ ಹೇಳಿ ಕಳಿಸಿಲ್ಲ.

ಆದರೆ ಮಹಾದೇವಕ್ಕ ಹುಡುಗಿಯ ನಂಬರು ಇವನಿಗೂ ಇವನ ನಂಬರು ಹುಡುಗಿಗೂ ದಾಟಿಸಿದ್ದಳು. ಮರುದಿನ ಮುಂಜಾನೆ ಏಳಕ್ಕೆ ಲೋಕೇಶ ಸೂರ್ಯನನ್ನು ಸ್ಟೇಟಸ್ಸಿಗೆ ಹಾಕಿದ. ಏಳೂ ಎರಡಕ್ಕೆ ಪಟ್ಟಿಯಲ್ಲಿ ಸುಮಿತಾ! ಅದರ ಮರುದಿನ ಏಳೂ ಒಂದಕ್ಕೆ. ಒಂದು ತಿಂಗಳಾಯಿತು, ಒಂದು ದಿನವೂ ತಪ್ಪಿಲ್ಲ. ಊರೆಲ್ಲ ಹೊದ್ದು ಮಲಗಿರುವ ಹೊತ್ತಿನಲ್ಲಿ ಒಬ್ಬ ಹುಡುಗಿ ಫೋನು ಹಿಡಿದು ತನ್ನ ಸೂರ್ಯನಿಗೆ ಕಾಯುತ್ತಾಳೆ ಅಂದರೆ ಏನರ್ಥ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರೆ. ಲೋಕೇಶನಿಗೆ ಎರಡೂ ಒಟ್ಟಿಗೆ ಬಗೆಹರಿಯುವ ಲಕ್ಷಣ ಕಾಣಿಸಿತು.

ಫೆಬ್ರವರಿಯ ಒಂದು ಗುರುವಾರ ಸಂಜೆ ಮಹಾದೇವಕ್ಕನ ಫೋನು ಬಂತು.

"ಲೋಕ್ಯಾ, ನಾಳಿ ಶರಣಬಸಪ್ಪ ಖುದ್ದ ಬರಾಕ ಹತ್ಯಾನ. ನಿನ್ನ ಡೇರೀನೂ ನೋಡಿಧಂಗ ಆಕ್ಕೈತಿ ಅಂತ ಸೀದಾ ತೇರಗಾಂವಕ್ಕ ಬರ್ತಾನಂತ. ನಾನೂ ಕೂಡಿ ಬರ್ತೇನಿ. ಹತ್ತರ ಸುಮಾರ."

"ಏನ್ ಹೇಳಾಕ ಬರ್ತಾರತ್ತಿ?"

"ಹುಚ್ಚಾ! ಒಲ್ಲೆ ಅನ್ನಾಕ ಯಾರರೆ ಬಸ್ ಹತ್ತಿ ಬರ್ತಾರೇನು? ಸಕ್ಕರಿ ತಗೊಂಡು ಬರ್ತಾನ, ನೋಡಕೋತ ಇರು."

ಸಕ್ಕರೆ ಅಂದರೆ ಅಲ್ಲಿ ಸಣ್ಣ ಮಾತಲ್ಲ. ಹಿರಿಯರು ನಾಲ್ಕು ಜನರ ಎದುರಿಗೆ ಹುಡುಗನ ಬಾಯಿಗೆ ಸಕ್ಕರೆ ಹಾಕಿದರೆಂದರೆ ಸಂಬಂಧ ಗಟ್ಟಿಯಾಯಿತು. ಬಾಯಿಗೆ ಬಿದ್ದ ಸಕ್ಕರೆಯನ್ನು ವಾಪಸು ಕೇಳಿದವರು ಆ ಸೀಮೆಯಲ್ಲಿ ಯಾರೂ ಇಲ್ಲ. ಲೋಕೇಶ ಹೊಸ ತಿಳಿನೀಲಿ ಅಂಗಿಗೆ ಇಸ್ತ್ರಿ ಹೊಡೆದಿಟ್ಟ. ನಾಳಿನ ಸೂರ್ಯ ಈತನಕದ ಎಲ್ಲ ಸೂರ್ಯರನ್ನೂ ಮೀರಿಸಬೇಕು ಅಂತ ನಿರ್ಧರಿಸಿ ಮಲಗಿದ.

ಶುಕ್ರವಾರ ಆರೂವರೆಗೆಲ್ಲ ಬದುವಿನ ಮೇಲಿದ್ದ. ಹೊಸ ಅಂಗಿಯ ಮೇಲೆ ಚಳಿಗೆ ಮಂಕಿಕ್ಯಾಪು. ಆದರೆ ಮುಗಿಲು ಮಾತ್ರ ನೆನೆಹಾಕಿದ ಕಂಬಳಿಯ ಹಾಗೆ ಈ ತುದಿಯಿಂದ ಆ ತುದಿಗೆ ಮೋಡ ಹೊದ್ದುಕೊಂಡಿತ್ತು. ಸಂದಿ ಬಿಟ್ಟೀತು, ಇಷ್ಟರಲ್ಲೇ ಬಿಟ್ಟೀತು ಅಂತ ಫೋನು ಹಿಡಿದು ನಿಂತ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಸಾಹೇಬ್ರ, ಒಂದೀಟು ಚಾ ಕುಡೀರಿ."

ಹೊಲದ ಒಡೆಯ ಕರಿಬಸಪ್ಪ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಅಪ್ಪನ ಕಾಲದ ಪಹಣಿ, ರಸೀದಿ. ಲೋಕೇಶ ಅಭ್ಯಾಸ ಬಲದಿಂದ ಲೋಟ ತೆಗೆದುಕೊಂಡ.

"ಎರಡು ತಿಂಗಳಾತ್ರಿ," ಅಂತ ಕರಿಬಸಪ್ಪ ಶುರುಮಾಡಿದ, "ದಿನಾ ಬಂದು ಇದ ಜಾಗಾದಾಗ ನಿಂತು, ನನ್ನ ಹೊಲದ ಆ ಕಡಿ ಬದುವಿಂದ ಫೋಟೋ ಹೊಡಕೊಂಡು ಹೊಕ್ಕೀರಿ. ಊಟ ಸೇರವಲ್ದು ನನಗ. ಫಾರೆಸ್ಟಿನ ಗಡಿಕಲ್ಲು ನಾ ಮುಟ್ಟಿಲ್ರಿ, ಬಸವಣ್ಣನ ಆಣಿ. ನಮ್ಮಪ್ಪನ ಕಾಲಕ್ಕ ಒಂದೆರಡು ಗುಂಟೆ ಒಳಗ ಹೋಗಿದ್ದಿರಬೇಕು. ನಾ ಅಂತೂ ಈ ವರ್ಷ ಬರೇ ನಾಕು ಸಾಲು ಹೋಗೇನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಲೋಕೇಶ ಕುಂಬಳಕಾಯಿ ಅಂತ ಬಾಯಿಯನ್ನೂ ಬಿಟ್ಟಿರಲಿಲ್ಲ. ಗಾಬರಿಯಾಗಿ ಮಂಕಿಕ್ಯಾಪು ಕಿತ್ತ.

"ಕಾಕಾ, ನಾ ಫಾರೆಸ್ಟಿನಾವಲ್ಲ. ಡೇರಿ ಲೋಕೇಶ."

ಕರಿಬಸಪ್ಪ ಹತ್ತಿರ ಬಂದು ಮುಖ ನೋಡಿದ. ನೋಡಿ, ಮೊದಲು ಚಹಾದ ಲೋಟ ವಾಪಸು ಇಸಿದುಕೊಂಡ.

"ಹಾಲಿನ ಲೋಕ್ಯಾ! ಮತ್ತ ದಿನಾ ಇಲ್ಲಿ ಏನ್ ಮಾಡಾಕ ಹತ್ತೀದಿ?"

"ಸೂರ್ಯಾ ಮೂಡೂದರ ಫೋಟೋ ತಗೀತೇನಿ."

"ಯಾತಕ್ಕ?"

"ಸುಮ್ಮನ."

"ಸೂರ್ಯಾ ಏನು ಊರು ಬಿಟ್ಟು ಹೊಂಟಾನೇನು, ನೆನಪಿಗೆ ಫೋಟೋ ಇಟ್ಟಕೊಳ್ಳಾಕ? ನಾಳಿ ಮತ್ತ ಬರ್ತಾನಲ್ಲೋ!" ಕರಿಬಸಪ್ಪ ಚಹಾವನ್ನು ತಾನೇ ಒಂದು ಗುಟುಕು ಕುಡಿದ. ಎರಡು ತಿಂಗಳ ಹೆದರಿಕೆ ಇಳಿದಿದ್ದರಿಂದ ಅವನ ತಲೆ ಈಗ ಚುರುಕಾಗಿ ಓಡತೊಡಗಿತ್ತು. "ಹೆಂಗೂ ಬಂದೀದಿ. ಹಂದಿ ಹೊಕ್ಕು ನನ್ನ ಕಬ್ಬೆಲ್ಲಾ ಹಾಳ ಮಾಡ್ಯಾವು. ಪರಿಹಾರಕ್ಕ ಅರ್ಜಿ ಕೊಡಬೇಕು, ಫೋಟೋ ಬೇಕಂತ. ಬಾ, ತಗದು ಕೊಡು."

ಆಗೂದಿಲ್ಲ ಅನ್ನುವ ಮಾತು ಹೊಟ್ಟೆಯಿಂದ ಹೊರಟಿತು. ಅದು ಎದೆಯ ಹತ್ತಿರ ಬರುವಷ್ಟರಲ್ಲಿ ಲೋಕೇಶ ಕಬ್ಬಿನ ನಡುವೆ ನಿಂತಿದ್ದ. ಪೇಪರಿನಲ್ಲಿ ಬರುವ ರೈತರ ಹಾಗೆ ಕರಿಬಸಪ್ಪ ಬಿದ್ದ ಕಬ್ಬಿನ ಕಡೆ ಬೆರಳು ತೋರಿಸುತ್ತ ನಿಂತ. ರುಮಾಲು ಸುತ್ತಿಕೊಂಡರೆ ಸಾಹುಕಾರನ ಹಾಗೆ ಕಾಣುತ್ತೇನೆ ಅಂತ ತೆಗೆದ. ತೆಗೆದರೆ ಬೋಳುತಲೆ ಮಿಂಚುತ್ತದೆ ಅಂತ ಮತ್ತೆ ಸುತ್ತಿಕೊಂಡ. ಫಾರೆಸ್ಟಿನ ಕಲ್ಲು ಕಾಣಬಾರದು ಅಂತ ಎರಡು ಸಲ ಜಾಗ ಬದಲಿಸಿದ. ಬೆಳಕು ಸಾಲದೆ ಲೋಕೇಶ ಫೋನಿನ ಲೈಟು ಹಾಕಿ ಹನ್ನೊಂದು ಫೋಟೋ ಹೊಡೆದ. ಮುಗಿಸಿ ಮೂಡಣಕ್ಕೆ ನೋಡಿದರೆ ಏಳು ದಾಟಿತ್ತು. ಕಂಬಳಿ ಹಾಗೇ ಇತ್ತು.

ಸ್ಕೂಟರು ಊರ ಬಾಯಿಗೆ ಬಂದರೆ ಅಲ್ಲಿ ತನ್ನ ಮನೆಯ ಮುಂದೆ ರಸ್ತೆಗೆ ಅಡ್ಡ ಗೋಪಿಬಾಯಿ ನಿಂತಿದ್ದಳು, ಜೊತೆಗೆ ಅವಳ ಎಮ್ಮೆ.

"ಕರಿಬಸಪ್ಪ ಫೋನ್ ಮಾಡಿದ್ದ, ನೀ ಫೋಟೋ ತಗಿಯಾಕ ಹತ್ತೀದಿ ಅಂತ. ಎಮ್ಮಿ ವಿಮಾ ಮಾಡಸಬೇಕು ತಮ್ಮಾ. ಕಿವಿಯಾಗಿನ ಬಿಲ್ಲಿ ಕಾಣಬೇಕು, ಎಮ್ಮಿ ಪೂರ್ತಿ ಕಾಣಬೇಕು, ನಾನೂ ಕಾಣಬೇಕಂತ."

"ಗೋಪಿಬಾಯಾರ, ಇವತ್ತ ಒಂದಿನ ಬಿಡ್ರಿ. ಹತ್ತಕ್ಕ ಪಾಳಾದಿಂದ ಕನ್ಯಾದವರು ಬರ್ತಾರ. ಸಕ್ಕರಿ ತರ್ತಾರ."

"ಹೌದ? ಹಂಗಾರ ಲಗೂ ತಗಿ!"

ಎಮ್ಮೆ ಕಪ್ಪು, ಮುಂಜಾವೂ ಕಪ್ಪು. ಮೊದಲ ಫೋಟೋದಲ್ಲಿ ಗೋಪಿಬಾಯಿಯ ಪಕ್ಕ ಒಂದು ಕತ್ತಲೆ ನಿಂತ ಹಾಗೆ ಬಂತು. ಎರಡನೆಯದರಲ್ಲಿ ಕತ್ತಲೆಗೆ ಎರಡು ಕಣ್ಣು ಬಂದವು. ಮೂರನೆಯದಕ್ಕೆ ಬಿಲ್ಲೆ ಕಾಣಲೆಂದು ಲೋಕೇಶ ತಾನೇ ಮುಂದೆ ಹೋಗಿ ಕಿವಿ ಹಿಡಿದ. ಎಮ್ಮೆ ಒಮ್ಮೆ ಕತ್ತು ಕೊಡವಿತು, ಅಷ್ಟೇ. ಲೋಕೇಶ ತಿಪ್ಪೆಯಲ್ಲಿ ಕುತ್ತಿಗೆಯ ತನಕ ಕೂತಿದ್ದ.

"ಅಯ್ಯ ಅಯ್ಯ, ಪೆಟ್ಟಾತೇನ?" ಗೋಪಿಬಾಯಿ ಓಡಿ ಬಂದು ಎಮ್ಮೆಯ ಕಿವಿ ಸವರಿದಳು.

ಎಮ್ಮೆಗೇನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ ಲೋಕೇಶನ ಕಡೆ ನೋಡಿದಳು. ತಿಳಿನೀಲಿ ಅಂಗಿಯಲ್ಲಿ ನೀಲಿ ಎಲ್ಲೂ ಉಳಿದಿರಲಿಲ್ಲ. "ತಡಿ, ನಮ್ಮ ಮನಿಯಾವರದು ಒಂದು ಅಂಗಿ ಐತಿ" ಅಂತ ಗಂಡ ಜೈರಾಮನ ಅಂಗಿ ತರಲು ಒಳಗೆ ಹೋದಳು.

ಬಚ್ಚಲ ಕಲ್ಲಿನ ಮೇಲೆ ಬನೀನಿನಲ್ಲಿ ನಡುಗುತ್ತ ಕೂತು ಲೋಕೇಶ ಫೋನು ನೋಡಿದ. ಏಳೂ ಇಪ್ಪತ್ತು. ಪಾಳಾದಲ್ಲಿ ಸುಮಿತಾ ಇಪ್ಪತ್ತು ನಿಮಿಷದಿಂದ ಕಾಯುತ್ತಿದ್ದಾಳೆ! ಮಾತು ಗಟ್ಟಿಯಾಗುವ ದಿನವೇ ಸೂರ್ಯನಿಲ್ಲ ಅಂದರೆ ಅಪಶಕುನ ಅಂದುಕೊಂಡರೆ? ಲೋಕೇಶ ಹುಟ್ಟಿದಾಗಿನಿಂದ ದೊಡ್ಡ ಸುಳ್ಳು ಹೇಳಿದವನಲ್ಲ, ಹೇಳುವ ಧೈರ್ಯ ಸಾಲದೆ. ಆದರೆ ಇದು ಸುಳ್ಳು ಹೇಗಾದೀತು? ಸೂರ್ಯ ಅದೇ, ಹೊಲ ಅದೇ, ಫೋಟೋ ತೆಗೆದವನೂ ತಾನೇ. ದಿನ ಮಾತ್ರ ಬೇರೆ. ಹಳೆಯವುಗಳಲ್ಲಿ ಹುಡುಕಿ, ಮಂಗಳವಾರದ ಕೆಂಪನೆಯ ಸೂರ್ಯನನ್ನು ಆರಿಸಿ ಹಾಕಿದ.

ಒಂದು ನಿಮಿಷ. ಪಟ್ಟಿಯಲ್ಲಿ ಸುಮಿತಾ. ಲೋಕೇಶನಿಗೆ ಚಳಿ ಬಿಟ್ಟಿತು.

ಡೇರಿಯ ಮುಂದೆ ಇಡೀ ಊರು ಕ್ಯಾನು ಹಿಡಿದು ಬಾಯಿಗೆ ಬಂದಂತೆ ಬೈಯುತ್ತ ನಿಂತಿತ್ತು. ಜೈರಾಮನ ಅಂಗಿಯಲ್ಲಿ ಇಬ್ಬರು ಲೋಕೇಶರು ಹಿಡಿಸುತ್ತಿದ್ದರು, ಮೇಲೆ ಬೊಗಸೆಯಷ್ಟು ದೊಡ್ಡ ಹೂವುಗಳು. ಅದನ್ನು ನೋಡಿ ಜನ ಬೈಯುವುದನ್ನು ಮರೆತು ನಗತೊಡಗಿದರು. ಗಾಡಿ ಹೋಗುವಷ್ಟರಲ್ಲಿ ಹಾಲೆಲ್ಲ ತುಂಬಿಸಿದ. ಇಷ್ಟೆಲ್ಲ ಆದರೂ ಒಳಗೊಳಗೆ ಖುಷಿಯಾಗಿದ್ದ.

ಬಸ್ಸು ತಡವಾಗಿ ಪಾಳಾದವರು ಬಂದಾಗ ಹತ್ತೂ ಮೂವತ್ತೈದು. ಶರಣಬಸಪ್ಪ ಬಿಳಿ ಧೋತರ ಉಟ್ಟ ನಿಧಾನದ ಮನುಷ್ಯ, ಕೈಯಲ್ಲಿ ಕೆಂಪು ಚೀಲ. ಹಿಂದೆ ಮಹಾದೇವಕ್ಕ. ಚೀಲದ ಬಾಯಲ್ಲಿ ಸಕ್ಕರೆಯ ಪೊಟ್ಟಣ ಕಾಣುತ್ತಿತ್ತು. ಲೋಕೇಶನ ಕಣ್ಣು ಅಲ್ಲೇ ನೆಟ್ಟಿತು. ಶರಣಬಸಪ್ಪನವರ ಕಣ್ಣು ಹೂವಿನ ಅಂಗಿಯ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು.

"ಕೊಟ್ಟುಬಿಡ್ರಲಾ ಮಾವಾರ, ಬಾಯಿಗೆ ಹಾಕಿಬಿಡ್ರಿ" ಅಂದಳು ಮಹಾದೇವಕ್ಕ, ಕೂರುವ ಮೊದಲೇ.

ಶರಣಬಸಪ್ಪ ಗಡಿಯಾರ ನೋಡಿದರು. "ಶುಕ್ರವಾರ ಹತ್ತೂವರಿಗೆ ರಾಹುಕಾಲ ಹತ್ತಿತು. ಹನ್ನೆರಡಕ್ಕ ಬಿಡತೈತಿ. ಅಲ್ಲೀತನಕ ಕುಂತು ಮಾತಾಡೂಣು, ಏನು ಅವಸರ?"

ಲೋಕೇಶನಿಗೂ ಅವಸರವಿರಲಿಲ್ಲ, ಆಗಿನ್ನೂ.

ಸುದ್ದಿ ತಿಳಿದು ಗೋಪಿಬಾಯಿ ಬಂದಳು, ಕರಿಬಸಪ್ಪ ಬಂದ. ತಮಗೆ ಉಪಕಾರ ಮಾಡಿದ ಹುಡುಗನ ಪರವಾಗಿ ನಾಲ್ಕು ಒಳ್ಳೆಯ ಮಾತು ಆಡದಿದ್ದರೆ ಹೇಗೆ? ಡೇರಿಯಲ್ಲಿ ಚಹಾಕ್ಕೆಂದು ಉಳಿಸಿಕೊಂಡ ಹಾಲಿತ್ತು, ಚಹಾಪುಡಿಯಿತ್ತು. ಗೋಪಿಬಾಯಿ ಯಾರ ಅಪ್ಪಣೆಯನ್ನೂ ಕೇಳದೆ ಒಲೆ ಹಚ್ಚಿದಳು.

ಶರಣಬಸಪ್ಪ ಕಾಲು ಮಡಚಿ ಕೂತು ಹೇಳಿದರು: "ಖರೇ ಹೇಳಬೇಕಂದ್ರ ತಮ್ಮಾರ, ಮೊದಲ ನಮಗ ಮನಸಿರಲಿಲ್ಲ. ನೀವು ಭಾಳ ಮೆತ್ತಗ ಅನಿಸಿತ್ತು. ಆದ್ರ ನಿಮ್ಮ ಫೋಟೋ ಐತಲ್ಲ, ದಿನಾ ಹಾಕ್ತೀರಲ್ಲ, ಅದು ನಮ್ಮ ಮನಸ ತಿರುಗಿಸ್ತು ನೋಡ್ರಿ."

ಲೋಕೇಶನ ಮುಖ ಮಂಗಳವಾರದ ಸೂರ್ಯನಾಯಿತು.

"ನಮ್ಮ ಮನಿಯಾಕಿ ದ್ರಾಕ್ಷಾಯಣಿ ಹೆಣ್ಣಮಕ್ಕಳ ಸಂಘ ಕಟ್ಯಾಳ. ಸಂಡಿಗಿ, ಹಪ್ಪಳ ಮಾಡ್ತಾರ. ಮುಂಜಾನೆದ್ದು ಹಿಟ್ಟು ಕುದಿಸಿ ಮಾಳಗಿ ಮ್ಯಾಲ ಹಾಕಿದ್ರ ಸಂಜೀತನಕ ಬಿಸಿಲು ಬೇಕ ಬೇಕು. ನಮ್ಮ ಕಡಿ ಮುಂಜಾನೆ ಮಂಜು, ಮುಗಿಲು ಕಾಣೂದಿಲ್ಲ. ನಮ್ಮವ್ವನ ಲೆಕ್ಕ ಏನಂದ್ರ, ಹಳಿಯಾಳ ಕಡಿ ಮೋಡ ಆದ್ರ ಮಧ್ಯಾಹ್ನದೊಳಗ ನಮಗ ಬರತೈತಿ. ಆ ಕಡಿ ಮುಂಜಾನೆದ್ದು ಮುಗಿಲು ನೋಡಾವ್ರು ಯಾರದಾರ? ನಿಮ್ಮ ಸ್ಟೇಟಸ್ ಸಿಕ್ತು! ಸುಮಿತಾ ಏಳಕ್ಕ ಫೋನ್ ತಗದು ನೋಡಿ, 'ಯವ್ವಾ, ಸೂರ್ಯಾ ಅದಾನ' ಅಂದ್ರ ಹಿಟ್ಟು ಒಲಿ ಮ್ಯಾಲ. ಫೋಟೋ ಬರದಿದ್ರ ಒಲೀನ ಹಚ್ಚೂದಿಲ್ಲ."

"ಫೋನಿನಾಗ ಹವಾಮಾನ ತೋರಸತೈತಲ್ರಿ" ಅಂದ ಲೋಕೇಶ.

"ಅದು ಬೆಂಗಳೂರಾಗ ಕುಂತು ಹೇಳತೈತಿ. ನೀವು ಹೊಲದಾಗ ನಿಂತು ಹೇಳ್ತೀರಿ."

ಒಂದು ತಿಂಗಳು ಕಟ್ಟಿದ್ದು ಒಂದು ಮಾತಿಗೆ ಕುಸಿಯಿತು. ಅವಳು ಕಾಯುತ್ತಿದ್ದದ್ದು ಲೋಕೇಶನಿಗಲ್ಲ, ಅವನ ಸೂರ್ಯನ ಸೊಬಗಿಗೂ ಅಲ್ಲ, ಸಂಡಿಗೆಗೆ. ಲೋಕೇಶನಿಗೆ ತುಂಬ ಬೇಜಾರಾಯಿತು. ಆದರೆ ಶರಣಬಸಪ್ಪ ಇನ್ನೂ ಮುಗಿಸಿರಲಿಲ್ಲ.

"ಒಂದು ತಿಂಗಳಾತು, ಒಂದಿನ ಸುಳ್ಳಾಗಿಲ್ಲ! ಬಿಸಿಲಿನ ವಿಷಯದಾಗ ಇಷ್ಟು ಖರೇ ಇದ್ದಾವ ಸಂಸಾರದಾಗ ಎಷ್ಟು ಖರೇ ಇದ್ದಾನು ಅಂತ ಸುಮಿತಾನ ಹೇಳಿದ್ಲು, ನಾವು ಒಪ್ಪಿದ್ವಿ. ಇವತ್ತ ಅಂತೂ ನಲವತ್ತು ಕಿಲೋ ಹಿಟ್ಟು ಕುದಿಸ್ಯಾರ. ಮುಂಡಗೋಡದ ಒಂದು ಮದುವಿ ಆರ್ಡರು. ಫೋಟೋ ಬರೂದು ತಡಾ ಆತು, ಎಲ್ಲಾರೂ ಒಲಿ ಮುಂದ ಕುಂತು ಕಾದ್ರು. ಏಳೂ ಇಪ್ಪತ್ತಕ್ಕ ಬಂತು ನೋಡ್ರಿ, ಕೆಂಪಗ, ದುಂಡಗ!"

ಲೋಕೇಶ ಮೆಲ್ಲಗೆ ಬಾಗಿಲ ಹೊರಗೆ ನೋಡಿದ. ಬೆಳಗಿನ ಕಂಬಳಿ ಈಗ ಪೂರ್ತಿ ಕಪ್ಪಾಗಿ ಮುಂಡಗೋಡದ ದಿಕ್ಕಿಗೆ ಸರಿಯುತ್ತಿತ್ತು. ನಲವತ್ತು ಕಿಲೋ! ಹನ್ನೆರಡಕ್ಕೆ ಇನ್ನೂ ಒಂದು ತಾಸು. ಮೋಡಕ್ಕಿಂತ ಮೊದಲು ಸಕ್ಕರೆ ಬಾಯಿಗೆ ಬಿದ್ದರೆ ಬದುಕಿಕೊಂಡ.

"ಮಾವಾರ, ರಾಹುಕಾಲ ನಮ್ಮ ಕಡಿ ಅಷ್ಟು ನೋಡೂದಿಲ್ರಿ. ಈಗ ಹಾಕಿಬಿಟ್ರ..."

"ಏ, ಹುಡುಗಗ ಅವಸರ ನೋಡು!" ಅಂತ ಶರಣಬಸಪ್ಪ ನಕ್ಕರು. ನಗುತ್ತ ಅವರೂ ಹೊರಗೆ ನೋಡಿದರು. "ಹೌದು, ಇಲ್ಲಿ ಯಾವಾಗ ಮೋಡ ಆತು?"

"ಈಗರಿ... ಈಗಷ್ಟ."

ಕರಿಬಸಪ್ಪನಿಗೆ ತನ್ನ ಸರದಿ ಬಂತೆನ್ನಿಸಿತು. "ಇಂಥಾ ಹುಡುಗ ದೀವಟಿಗಿ ಹಚ್ಚಿ ಹುಡಕಿದ್ರೂ ಸಿಗೂದಿಲ್ರಿ. ಇವತ್ತ ಮುಂಜಾನೆ ಆರೂವರಿಯಿಂದ ಏಳು ದಾಟೂತನಕ ನನ್ನ ಹೊಲದಾಗ ನಿಂತು ನನ್ನ ಕಬ್ಬಿನ ಫೋಟೋ ತಗದಾನ. ಮುಗಿಲು ಕಟ್ಟಿ ಮಬ್ಬಗತ್ತಲಿ, ಸೂರ್ಯಾನ ಸುಳಿವಿಲ್ಲ, ಆದ್ರೂ ಬ್ಯಾಸರ ಮಾಡಕೊಳ್ಳಲಿಲ್ಲ. ಲೈಟ್ ಹಾಕಿ ತಗದಾ!"

ಶರಣಬಸಪ್ಪನವರ ನಗು ಅರ್ಧಕ್ಕೆ ನಿಂತಿತು. "ಸೂರ್ಯಾ ಇರಲಿಲ್ಲ?"

"ಆಮ್ಯಾಲ ಬಂತ್ರಿ," ಅಂದ ಲೋಕೇಶ ಬೆವರುತ್ತ. "ಅಲ್ಲಿಂದ ಬ್ಯಾರೆ ಕಡಿ ಹೋದೆ, ಅಲ್ಲಿ ಒಂದೀಟು..."

"ಬ್ಯಾರೆ ಕಡಿ ಎಲ್ಲಿ ಹೋಗ್ಯಾನ?" ಗೋಪಿಬಾಯಿ ಒಲೆಯ ಹತ್ತಿರದಿಂದಲೇ ಕೂಗಿದಳು. ಹುಡುಗನ ನಡತೆಗೆ ಕಳಂಕ ಬರುವುದನ್ನು ಅವಳು ಸಹಿಸುವವಳಲ್ಲ. "ಎಲ್ಲೂ ತಿರುಗೂ ಹುಡುಗ ಅಲ್ರೀ ಇಂವ! ಸೀದಾ ನಮ್ಮ ಮನಿಗೆ ಬಂದ. ಬೆಳಕಿಲ್ಲದ ಎಮ್ಮಿ ಕಾಣವಲ್ದು ಅಂತ ಮೂರು ಸಲ ಫೋಟೋ ತಗದ. ಅದ ಎಮ್ಮಿ ಒಗದು ತಿಪ್ಪ್ಯಾಗ ಬಿದ್ದ. ಏಳೂ ಇಪ್ಪತ್ತಕ್ಕ ನಮ್ಮ ಬಚ್ಚಲದಾಗ ಬನೀನಿನ ಮ್ಯಾಲ ಕುಂತಿದ್ದ, ಪಾಪ. ಈಗ ಹಾಕ್ಕೊಂಡಿದ್ದೂ ನಮ್ಮ ಮನಿಯಾವರ ಅಂಗಿ!"

ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗಲಿಕ್ಕಿಲ್ಲ. ಹೊರಗೆ ತಗಡಿನ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಆಮೇಲೆ ನಾಲ್ಕು. ಶರಣಬಸಪ್ಪ ಏನೋ ಕೇಳಲು ಬಾಯಿ ತೆರೆದರು, ಅಷ್ಟರಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು.

"ಎಲ್ಲಿದ್ದೀರಿ?" ದ್ರಾಕ್ಷಾಯಣಿಯವರ ದನಿ ಡೇರಿಯ ಕ್ಯಾನುಗಳಲ್ಲೆಲ್ಲ ಗುಂಯ್ಗುಟ್ಟಿತು. "ಮಳಿ ಹೊಡದು ನಲವತ್ತು ಕಿಲೋ ಸಂಡಿಗಿ ಗಂಜಿ ಆಗಿ ಮಾಳಗಿ ಮ್ಯಾಲಿಂದ ಹರದು ಹೊಂಟೈತಿ! ಆ ಹುಡುಗಗ ಸಕ್ಕರಿ ಹಾಕಿದ್ರ್ಯಾ?"

"ಇನ್ನೂ ಇಲ್ಲ. ರಾಹುಕಾಲ..."

"ಪುಣ್ಯಾ ಬಂತು ರಾಹುಕಾಲಕ್ಕ! ಸಕ್ಕರಿ ವಾಪಸ್ ತಗೊಂಡು ಬರ್ರಿ!"

ಶರಣಬಸಪ್ಪ ಕೆಂಪು ಚೀಲಕ್ಕೆ ಕೈ ಹಾಕಿದರು. ಚೀಲ ಖಾಲಿಯಿತ್ತು. ಎಲ್ಲರೂ ಒಲೆಯ ಕಡೆ ನೋಡಿದರು. ಗೋಪಿಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಡೇರಿಯಾಗ ಸಕ್ಕರಿ ಇರಲಿಲ್ರಿ. ಹೆಂಗೂ ಇವನ ಸಲವಾಗಿ ತಂದದ್ದಲ್ಲಾ ಅಂತ ಚಾಕ್ಕ ಹಾಕಿದೆ" ಅಂದಳು.

ಲೋಕೇಶನ ಮುಂದೆ ಅವಳು ಆಗಷ್ಟೇ ತಂದಿಟ್ಟ ಚಹಾದ ಕಪ್ಪಿತ್ತು. ಹುಟ್ಟಿದಾಗಿನಿಂದ ಯಾವುದಕ್ಕೂ ಅವಸರ ಮಾಡದವನು ಅವತ್ತು ಮಾಡಿದ. ಕಪ್ಪು ಎತ್ತಿ, ಸುಡುಸುಡುವ ಚಹಾವನ್ನು ನಾಲ್ಕು ಜನರೆದುರಿಗೆ ಒಂದೇ ಗುಟುಕಿಗೆ ಗಂಟಲಿಗಿಳಿಸಿದ.

"ಕುಡದಾ!" ಅಂತ ಮಹಾದೇವಕ್ಕ ಚಪ್ಪಾಳೆ ಹೊಡೆದಳು. "ಸಕ್ಕರಿ ಬಾಯಿಗೆ ಬಿತ್ತು! ಮಾತು ಮುಗೀತು!"

ಫೋನಿನ ಆ ಕಡೆ ಗುಸುಗುಸು ಕೇಳಿಸಿತು. ಸಂಘದ ಹೆಂಗಸರೆಲ್ಲ ಕೂಡಿ ಪಂಚಾಯ್ತಿ ಮಾಡುತ್ತಿದ್ದರು. ಕೊನೆಗೆ ದ್ರಾಕ್ಷಾಯಣಿ ತೀರ್ಪು ಕೊಟ್ಟರು: "ಚಾದಾಗ ಹಾಕಿದ ಸಕ್ಕರಿ ಲೆಕ್ಕಕ್ಕಿಲ್ಲ. ಹಂಗ ಲೆಕ್ಕಾ ಹಿಡದ್ರ ಊರ ತುಂಬ ಚಾದಂಗಡಿ ಅದಾವು, ಎಲ್ಲಾರ ಮದುವೀನೂ ಆಗಬೇಕಾಕ್ಕೈತಿ."

ಲೋಕೇಶ ಸುಟ್ಟ ನಾಲಗೆಯನ್ನು ಹೊರಗೆ ಚಾಚಿ ಗಾಳಿ ಹಾಕಿಕೊಂಡ.

"ಅವ್ವಾ, ಫೋನ್ ಕೊಡು" ಅಂತ ಆ ಕಡೆಯಿಂದ ಇನ್ನೊಂದು ದನಿ ಕೇಳಿಸಿತು. ತಣ್ಣಗಿನ, ತೂಕದ ದನಿ. ಲೋಕೇಶ ಅದನ್ನು ಹಿಂದೆ ಕೇಳಿರಲಿಲ್ಲ. ಆದರೂ ಗುರುತು ಹಿಡಿದ.

"ಅವರು ಅಲ್ಲೇ ಅದಾರೇನು? ಹೇಳ್ರಿ ಅವರಿಗೆ. ಇವತ್ತಿನ ಫೋಟೋದಾಗ ಬಲಕ್ಕ ಮೂರು ಬೆಳ್ಳಕ್ಕಿ ಅದಾವು. ಮಂಗಳವಾರದ ಫೋಟೋದಾಗೂ ಅವ ಮೂರು, ಅಲ್ಲೇ ಅದಾವು. ನಾ ಎಲ್ಲಾ ಫೋಟೋ ಇಟ್ಟಕೊಂಡೇನಿ, ಈಗ ತಗದು ನೋಡಿದೆ."

ಎಲ್ಲಾ ಫೋಟೋ ಇಟ್ಟುಕೊಂಡಿದ್ದಾಳೆ! ಇಷ್ಟಾದ ಮೇಲೂ ಲೋಕೇಶನ ಎದೆ ಒಮ್ಮೆ ಹಿಗ್ಗಿತು.

"ಅಜ್ಜಿ ತಾರೀಖಿನ ಪ್ರಕಾರ ಬಿಸಿಲಿನ ಲೆಕ್ಕಾ ಇಡತಾಳ, ಅದಕ್ಕ," ಅಂತ ಸುಮಿತಾ ಮುಂದುವರಿಸಿದಳು. "ಸಂಬಂಧದ ಮಾತು ಸಂಡಿಗಿ ಸುಗ್ಗಿ ಮುಗದ ಮ್ಯಾಲ ನೋಡೂಣು. ಯುಗಾದಿ ಆಗಲಿ. ಅಲ್ಲೀತನಕ ದಿನಾ ಫೋಟೋ ಬರಬೇಕು. ಬಿಸಿಲಿದ್ರ ಬಿಸಿಲು, ಮೋಡ ಇದ್ರ ಮೋಡ. ಮತ್ತ ಬರೇ ಸೂರ್ಯಾ ನಡಿಯೂದಿಲ್ಲ. ಅವತ್ತಿನ ಪೇಪರು ಕೈಯಾಗ ಹಿಡಕೊಂಡು, ತಾರೀಖು ಕಾಣೂಹಂಗ, ಅವರೂ ಫೋಟೋದಾಗ ನಿಂದರಬೇಕು. ಆಕ್ಕೈತೇನು ಕೇಳ್ರಿ."

ಆಗೂದಿಲ್ಲ ಅನ್ನುವ ಮಾತು ಲೋಕೇಶನ ಹೊಟ್ಟೆಯಿಂದ ಹೊರಟಿತು.

"ಆಕ್ಕೈತಂತವ್ವಾ" ಅಂದರು ಶರಣಬಸಪ್ಪ, ಖಾಲಿ ಚೀಲ ಮಡಚುತ್ತ. ಚಹಾ ಚೆನ್ನಾಗಿತ್ತು ಅಂತ ಗೋಪಿಬಾಯಿಗೆ ಹೇಳಿದರು. ಹೊಸ್ತಿಲು ದಾಟುವಾಗ ಲೋಕೇಶನ ಕಡೆ ತಿರುಗಿ ಕೈ ಮುಗಿದರು. "ಹೇಳಿ ಕಳಸ್ತೇವ್ರಿ."

ಈಗ ಲೋಕೇಶ ನಸುಕಿನ ಐದಕ್ಕೆ ಹಳಿಯಾಳದ ಬಸ್ ಸ್ಟ್ಯಾಂಡಿಗೆ ಹೋಗಿ ಪೇಪರಿನ ಕಟ್ಟು ಇಳಿಯುವುದನ್ನು ಕಾಯುತ್ತಾನೆ. ಅಲ್ಲಿಂದ ಕರಿಬಸಪ್ಪನ ಹೊಲಕ್ಕೆ. ಒಂದು ಕೈಯಲ್ಲಿ ಪೇಪರು, ಇನ್ನೊಂದರಲ್ಲಿ ಫೋನು ಹಿಡಿದರೆ ತಾರೀಖು ಅಲುಗಾಡಿ ಬರುತ್ತದೆ ಅಂತ ಪಾಳಾದಿಂದ ಎರಡು ಸಲ ತಕರಾರು ಬಂದದ್ದರಿಂದ, ಫೋಟೋ ಹೊಡೆಯುವ ಕೆಲಸ ಕರಿಬಸಪ್ಪನದಾಗಿದೆ. ಲೋಕೇಶ ಮೂಡಣಕ್ಕೆ ಬೆನ್ನು ಮಾಡಿ, ಎದೆಯ ಮೇಲೆ ಪೇಪರು ಬಿಡಿಸಿ ಹಿಡಿದು, ಪಡುವಣದ ಕಡೆ ಮುಖ ಮಾಡಿ ಅಲುಗಾಡದೆ ನಿಲ್ಲುತ್ತಾನೆ. ಮುಗಿದ ಮೇಲೆ ಡೇರಿಗೆ ಹೊತ್ತಾಗಿರುತ್ತದೆ. ಸ್ಕೂಟರು ಒದೆಯುತ್ತಲೇ, "ಇವತ್ತ ಹೆಂಗ ಮೂಡಿದಾ ಕಾಕಾ?" ಅಂತ ಕರಿಬಸಪ್ಪನನ್ನು ಕೇಳಿ ತಿಳಿದುಕೊಂಡು ಹೋಗುತ್ತಾನೆ.